ಅಂಡಾಶಯದೊಳಗಿನ ಸಂಕೇತಗಳು: 'ಬಂಜೆ' ಎನ್ನುವ ಮೊದಲು

ಮದುವೆಯಾಗಿ ಮೂರ್ನಾಲ್ಕು ವರ್ಷ ಕಳೆದರೂ ಮಗುವಾಗದಿದ್ದರೆ ನಮ್ಮ ಕುಟುಂಬಗಳಲ್ಲಿ ಮೊದಲ ಪ್ರಶ್ನೆ ಸೊಸೆಯ ಕಡೆಗೇ ತಿರುಗುತ್ತದೆ. ಪ್ರಾರ್ಥನೆ ಕೋರಿ ಧರ್ಮಗುರುಗಳ ಬಳಿ ಬರುವ ದಂಪತಿಗಳ ಕೈಯಲ್ಲಿ ಈಗ ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಯ ವರದಿಯೂ ಇರುತ್ತದೆ. 'ಫಾದರ್, ಇದರಲ್ಲಿ ಕಡಿಮೆ ಬಂದಿದೆ, ಇನ್ನು ಮಗುವಾಗುವುದಿಲ್ಲವಾ?' ಎಂದು ಕಣ್ಣೀರಿಡುವವರಿಗೆ ಉತ್ತರ ಹೇಳಬೇಕಾದರೆ ಅಂಡಾಶಯದೊಳಗೆ ನಡೆಯುವುದನ್ನು ನಾವು ಸ್ವಲ್ಪವಾದರೂ ತಿಳಿದಿರಬೇಕು.

ಹೆಣ್ಣಿನ ಅಂಡಾಣುಗಳ ಸಂಗ್ರಹ ಆಕೆ ತಾಯಿಯ ಗರ್ಭದಲ್ಲಿರುವಾಗಲೇ ಸಿದ್ಧವಾಗುತ್ತದೆ. ಗರ್ಭದ 20ನೇ ವಾರದ ಹೊತ್ತಿಗೆ ಸುಮಾರು 60ರಿಂದ 70 ಲಕ್ಷ, ಹುಟ್ಟುವಾಗ 10ರಿಂದ 20 ಲಕ್ಷ, ಋತುಮತಿಯಾಗುವಾಗ 3ರಿಂದ 4 ಲಕ್ಷ. ಇವುಗಳಲ್ಲಿ ಪಕ್ವವಾಗಿ ಹೊರಬರುವುದು ಜೀವಮಾನದಲ್ಲಿ 400ರಿಂದ 500 ಮಾತ್ರ. ಉಳಿದವು ತಾವಾಗಿಯೇ ನಶಿಸುತ್ತವೆ.

ಗಂಡಾಗುವ ಸಂಕೇತ ಬಾರದಿದ್ದರೆ ಅಂಡಾಶಯ ತಾನಾಗಿಯೇ ಉಂಟಾಗುತ್ತದೆ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1999ರಲ್ಲಿ ವಿಂಟ್-4 ಎಂಬ ಪ್ರೋಟೀನ್ ಇಲ್ಲದ ಹೆಣ್ಣು ಇಲಿಮರಿಗಳಲ್ಲಿ ಗಂಡಿನ ಲಕ್ಷಣಗಳು ಕಂಡಾಗ ಆ ನಂಬಿಕೆ ಅಲುಗಾಡಿತು. ಅಂಡಾಶಯವನ್ನು ಕಟ್ಟುವುದಕ್ಕೂ ಅದರದೇ ಸಂಕೇತಗಳು ಬೇಕು.

ಸಂಕೇತ ಎಂದರೇನು? ಒಂದು ಜೀವಕೋಶ ಪ್ರೋಟೀನೊಂದನ್ನು ಹೊರಬಿಡುತ್ತದೆ. ಪಕ್ಕದ ಕೋಶದ ಮೇಲಿರುವ ಗ್ರಾಹಕ ಅದನ್ನು ಹಿಡಿಯುತ್ತದೆ. ಸುದ್ದಿ ಕೈಯಿಂದ ಕೈಗೆ ದಾಟಿ ಕೋಶದೊಳಗಿನ ಜೀನ್‌ಗಳನ್ನು ತಲುಪುತ್ತದೆ. ಪ್ರತಿ ಅಂಡಾಣು ಫಾಲಿಕಲ್ ಎಂಬ ಪುಟ್ಟ ಚೀಲದಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಎಬ್ಬಿಸುವ ಸಂಕೇತವೂ ಇದೆ, ತಡೆಹಿಡಿಯುವ ಸಂಕೇತವೂ ಇದೆ. ತಡೆಯುವ ಫಾಕ್ಸೋ-3 ಇಲ್ಲದ ಇಲಿಗಳನ್ನು 2003ರಲ್ಲಿ, ಅಂಡಾಣುಗಳಲ್ಲಿ ಪಿ-ಟೆನ್ ಇಲ್ಲದ ಇಲಿಗಳನ್ನು 2008ರಲ್ಲಿ ಪರಿಶೀಲಿಸಿದಾಗ, ಮಲಗಿದ್ದ ಫಾಲಿಕಲ್‌ಗಳೆಲ್ಲ ಒಮ್ಮೆಗೇ ಎದ್ದು, ಹರೆಯದಲ್ಲೇ ಸಂಗ್ರಹ ಬರಿದಾಗಿತ್ತು.

ಕುರಿಗಳಲ್ಲಿ ಕಂಡದ್ದು ಇನ್ನೂ ವಿಚಿತ್ರ. (ಕುರಿಗಳ ವಿಷಯದಲ್ಲಿ ನಮಗೆ ಆಸಕ್ತಿ ಇರುವುದು ಸಹಜವೇ!) ನ್ಯೂಜಿಲೆಂಡ್‌ನ ಇನ್ವರ್ಡೇಲ್ ಕುರಿಗಳಲ್ಲಿ ಅಂಡಾಣು ಹೊರಡಿಸುವ ಬಿಎಂಪಿ-15 ಸಂಕೇತದ ಜೀನ್ ಒಂದು ಪ್ರತಿಯಲ್ಲಿ ಕೆಟ್ಟಿದ್ದರೆ ಕುರಿ ಹೆಚ್ಚು ಮರಿ ಹಾಕುತ್ತದೆ, ಎರಡೂ ಪ್ರತಿಗಳು ಕೆಟ್ಟಿದ್ದರೆ ಒಂದೂ ಮರಿಯಿಲ್ಲ. ಇದು 2000ದಲ್ಲಿ ತಿಳಿಯಿತು. ಇದೇ ಬಳಗದ ಸಂಕೇತಗಳನ್ನು ಹಿಡಿಯುವ ಗ್ರಾಹಕದಲ್ಲಿ ಬದಲಾವಣೆಯಿರುವ ಬಂಗಾಳದ ಗರೋಲೆ ಕುರಿಗಳು ಅವಳಿ ಮರಿಗಳಿಗೆ ಹೆಸರಾಗಿವೆ. ಫಲವಂತಿಕೆ, ಬಂಜೆತನಗಳ ನಡುವಿನ ಅಂತರ ಅಷ್ಟು ಸೂಕ್ಷ್ಮ.

ಈಗ ಆ ವರದಿಗೆ ಬರೋಣ. ಎಎಂಎಚ್ ಬೆಳೆಯುತ್ತಿರುವ ಸಣ್ಣ ಫಾಲಿಕಲ್‌ಗಳು ಸ್ರವಿಸುವ ಹಾರ್ಮೋನು. ಮಲಗಿರುವವುಗಳಿಗೆ 'ಇನ್ನೂ ಏಳಬೇಡಿ' ಎನ್ನುವ ಸಂಕೇತ. ಆದ್ದರಿಂದ ಪರೀಕ್ಷೆ ಹೇಳುವುದು ಸಂಗ್ರಹದ ಅಂದಾಜು ಮಾತ್ರ. ಅಂಡಾಣುವಿನ ಗುಣ, ಗರ್ಭನಾಳದ ಸ್ಥಿತಿ, ಗಂಡನ ಆರೋಗ್ಯ ಇವು ಯಾವುವೂ ಅದರಲ್ಲಿಲ್ಲ. ಬಂಜೆತನದ ಇತಿಹಾಸವಿಲ್ಲದ 30ರಿಂದ 44 ವರ್ಷದ ಸುಮಾರು 750 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರು ಸಹಜವಾಗಿ ಗರ್ಭ ಧರಿಸುವ ಸಾಧ್ಯತೆ ಇತರರಿಗಿಂತ ಕಡಿಮೆಯೇನೂ ಇರಲಿಲ್ಲ. ಇನ್ನೊಂದೆಡೆ, ಪಿಸಿಓಎಸ್ ಇರುವವರಲ್ಲಿ ಎಎಂಎಚ್ ಸಾಮಾನ್ಯವಾಗಿ ಹೆಚ್ಚೇ ಇದ್ದರೂ ಅಂಡಾಣು ಸರಿಯಾಗಿ ಬಿಡುಗಡೆಯಾಗುವುದಿಲ್ಲ.

ಚಿಕಿತ್ಸೆ ಪಡೆಯುವುದೇ ಧರ್ಮಸಭೆಗೆ ವಿರುದ್ಧ ಎಂದು ಹಿಂಜರಿಯುವವರೂ ಇದ್ದಾರೆ. ಹಾಗಿಲ್ಲ. ಪ್ರಣಾಳ ಶಿಶು ವಿಧಾನವನ್ನು ಧರ್ಮಸಭೆ ಒಪ್ಪುವುದಿಲ್ಲ ನಿಜ. ಆದರೆ ಹಾರ್ಮೋನು ಚಿಕಿತ್ಸೆ, ಮುಚ್ಚಿದ ಗರ್ಭನಾಳ ತೆರೆಯುವ ಶಸ್ತ್ರಚಿಕಿತ್ಸೆ ಮುಂತಾಗಿ ಸಹಜ ಗರ್ಭಧಾರಣೆಗಿರುವ ಅಡ್ಡಿ ನಿವಾರಿಸುವ ಕ್ರಮಗಳು ಸಮ್ಮತವೆಂದು 2008ರ 'ದಿಗ್ನಿತಾಸ್ ಪೆರ್ಸೋನೆ' ಸ್ಪಷ್ಟಪಡಿಸಿದೆ.

ಮಕ್ಕಳಿಲ್ಲದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನ ಪಾಲಿನ ಕಾರಣವೂ ಇರುತ್ತದೆ. ಆದರೂ ಹೆಂಡತಿ ಮೂವರು ಡಾಕ್ಟರರನ್ನು ಕಂಡ ಮೇಲೂ ಗಂಡ ಒಂದು ಸರಳ ಪರೀಕ್ಷೆಗೂ ಹೋಗಿರದ ಮನೆಗಳನ್ನು ನಾವು ಕಂಡಿದ್ದೇವೆ. ಇಂಥ ಮನೆಗಳಿಗೆ ಭೇಟಿ ಕೊಡುವ ಕಾರ್ಯಕರ್ತರು ಈ ಪ್ರಶ್ನೆಯನ್ನು ಗಂಡನಿಗೂ, ಅತ್ತೆಯ ಎದುರಿನಲ್ಲೇ ಕೇಳಬೇಕು.