ಎಷ್ಟು ಓಡುತ್ತೆ ಅನ್ನೋದು ಬಿಡಿ, ಎಷ್ಟರಲ್ಲಿ ನಿಲ್ಲುತ್ತೆ?

ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಮಸ್ಟಾಂಗ್ ಜಿಟಿ ತಗೊಂಡ. ಐದು ಲೀಟರ್ ವಿ8 ಎಂಜಿನ್, ಸುಮಾರು 400 ಎಚ್‌ಪಿ. ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ನಮ್ಮೂರು ಹೊಸಪೇಟೆಗೆ ಅದರಲ್ಲೇ ಬಂದೆವು. ಓಣಿಯ ಹುಡುಗರೆಲ್ಲ ಕಾರು ಸುತ್ತುವರಿದು ಕೇಳಿದ್ದು ಒಂದೇ: "ಅಣ್ಣಾ, ಎಷ್ಟು ಓಡ್ತತಿ?" ವರ್ಷಗಟ್ಟಲೆ ಸಂಡೂರಿನ ಅದಿರು ಲಾರಿ ಓಡಿಸಿದ ನಮ್ಮ ಸೋದರಮಾವ ಮಾತ್ರ ಬೇರೆ ಕೇಳಿದರು: "ಅದು ಇರ್ಲಿ, ಎಷ್ಟರಾಗ ನಿಲ್ತತಿ?"

ಆಗ ನಕ್ಕೆವು. ಮೂರು ದಿನ ಸುತ್ತಾಡಿದ ಮೇಲೆ ಸರಿಯಾದ ಪ್ರಶ್ನೆ ಅದೇ ಅನ್ನಿಸಿತು.

ಮೊದಲ ದಿನ ಹಂಪಿ. ಕಮಲಾಪುರ ದಾಟಿದರೆ ಬಾಳೆತೋಟ, ಬಂಡೆ, ತಿರುವು, ಬಾಡಿಗೆ ಸ್ಕೂಟರಿನ ಪ್ರವಾಸಿಗರು. ಎರಡನೇ ಗೇರ್ ಬಿಟ್ಟು ಮೇಲೆ ಹೋಗಲೇ ಇಲ್ಲ. ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಊರವರೇ ಹಾಕಿಕೊಂಡ ಹಂಪ್‌ಗಳಿಗೆ ಆ ಲೆಕ್ಕವಿಲ್ಲ. ಕಾರಿನ ಹೊಟ್ಟೆ ಎರಡು ಸಲ ಉಜ್ಜಿತು.

ಎರಡನೇ ದಿನ ಸಂಡೂರು. ಇಲ್ಲಿ ಶಕ್ತಿಗೆ ನಿಜವಾದ ಕೆಲಸ ಸಿಕ್ಕಿತು. ಲಾರಿ ಹಿಂದಿಕ್ಕುವಾಗ 40ರಿಂದ 80ಕ್ಕೆ ಬೇಗ ಏರಿದರೆ ಎದುರಿನ ಲೇನಿನಲ್ಲಿ ಇರುವ ಹೊತ್ತು ಕಡಿಮೆ. ನಮ್ಮ ರಸ್ತೆಗೆ 0–100ಕ್ಕಿಂತ ಈ ಅಂಕಿಯೇ ಮುಖ್ಯ. ಆದರೆ ಅದಿರಿನ ಕೆಂಪು ಪುಡಿ ರಸ್ತೆಯಂಚಿಗೆ ಹರಡಿರುತ್ತದೆ. ಅದರ ಮೇಲೆ ಎಂಥ ಟೈರಿಗೂ ಹಿಡಿತ ಕಡಿಮೆ.

ಲೆಕ್ಕ ಹಾಕಿ ನೋಡಿ. ಅಪಾಯ ಕಂಡು ಬ್ರೇಕ್ ಒತ್ತುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿಯಿರಿ. ಒಣ ಡಾಂಬರಿನಲ್ಲಿ 80 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 70 ಮೀಟರ್ ಬೇಕು. 100ಕ್ಕೆ 98, 140ಕ್ಕೆ 168 ಮೀಟರ್. ಪುಡಿ ಬಿದ್ದ ರಸ್ತೆಯಲ್ಲಿ 100ಕ್ಕೇ 140 ಮೀಟರ್ ಆಗಬಹುದು. ಎಂಜಿನ್ ಎಷ್ಟೇ ದೊಡ್ಡದಿರಲಿ, ಈ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ.

ಮೂರನೇ ದಿನ ಕಂಪ್ಲಿಯಿಂದ ರಾತ್ರಿ ವಾಪಸ್. ಎದುರು ಬೈಕ್ ಬರ್ತಿತ್ತು ಅಂತ ಡಿಮ್ ಮಾಡಿದ್ದೆವು, ವೇಗ 80ರ ಹತ್ತಿರ. ಇದ್ದಕ್ಕಿದ್ದಂತೆ ಮುಂದೆ ಕತ್ತಲೆಯೇ ಗೋಡೆ ಕಟ್ಟಿದ ಹಾಗೆ ಕಂಡಿತು. ಭತ್ತದ ಹುಲ್ಲು ತುಂಬಿದ ಟ್ರ್ಯಾಕ್ಟರ್ ಟ್ರೇಲರ್, ಹಿಂದೆ ಒಂದು ರಿಫ್ಲೆಕ್ಟರೂ ಕಾಣುತ್ತಿರಲಿಲ್ಲ. ಗೆಳೆಯ ಬ್ರೇಕ್ ಮೇಲೆ ನಿಂತೇಬಿಟ್ಟ. ಬಾನೆಟ್‌ಗೂ ಟ್ರೇಲರ್‌ಗೂ ಒಂದು ಮಾರು ಉಳಿದಿತ್ತು. ಟ್ರ್ಯಾಕ್ಟರ್ ಚಲಿಸುತ್ತಿತ್ತು, ಹಾಗಾಗಿ ಉಳಿದೆವು. ಡಿಮ್ ಬೆಳಕು ತೋರಿಸೋದು ಹೆಚ್ಚೆಂದರೆ 50–60 ಮೀಟರ್, ನಮಗೆ ನಿಲ್ಲಲು ಬೇಕಿದ್ದದ್ದು 70. ಕಾಣದ ಜಾಗಕ್ಕೆ ನಾವು ಓಡುತ್ತಿದ್ದೆವು.

ಮನೆ ಮುಟ್ಟೋವರೆಗೂ ಇಬ್ಬರೂ ಮಾತಾಡಲಿಲ್ಲ. ನನಗೆ 2020ರ ಫೆಬ್ರವರಿ ನೆನಪಾಯಿತು. ಮರಿಯಮ್ಮನಹಳ್ಳಿ ಬಳಿ ಹೆದ್ದಾರಿಯಲ್ಲಿ ದುಬಾರಿ ಬೆಂಜ್ ಕಾರಿನ ಅಪಘಾತದಲ್ಲಿ ಇಬ್ಬರು ಸತ್ತರು. ಒಬ್ಬ ಕಾರಿನಲ್ಲಿದ್ದವ, ಇನ್ನೊಬ್ಬ ರಸ್ತೆ ಪಕ್ಕ ಇದ್ದ ಹುಡುಗ. ರಸ್ತೆ ಪಕ್ಕ ಇರುವವರು ನಮ್ಮ ಕಾರಿನ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿರುವುದಿಲ್ಲ.

ಅದಕ್ಕೇ, ಇಂಥ ಕಾರು ತಗೋಬೇಕು ಅಂತಿದ್ದರೆ ಟೆಸ್ಟ್ ಡ್ರೈವ್‌ನಲ್ಲಿ ಇಷ್ಟು ನೋಡಿ: ನಿಮ್ಮೂರಿನ ಹಂಪ್ ನಾಲ್ಕು ಜನ ಕೂತು ದಾಟುತ್ತಾ? ಟೈರ್ ಎಷ್ಟು ಹಳೆಯದು? ಬ್ರೇಕ್ ಒತ್ತಿದಾಗ ನೇರ ನಿಲ್ಲುತ್ತಾ? ರಾತ್ರಿ ಹೆಡ್‌ಲೈಟ್ ಎಷ್ಟು ದೂರ ತೋರಿಸುತ್ತೆ? ಟಾಪ್ ಸ್ಪೀಡ್ ನೋಡಲೇಬೇಕಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಂಥ ಟ್ರ್ಯಾಕ್ ಇದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಮರುದಿನ ಬೆಳಿಗ್ಗೆ ಗೆಳೆಯನೇ ಮಾವನಿಗೆ ನಡೆದದ್ದೆಲ್ಲ ಹೇಳಿದ. ಮಾವ ಬೈಯಲಿಲ್ಲ. ಚಹಾ ಕುಡಿದು ಇಷ್ಟೇ ಅಂದರು: "ಕಣ್ಣಿಗೆ ಕಂಡಷ್ಟು ದೂರದೊಳಗೆ ನಿಲ್ಲೋ ಹಂಗ ಓಡ್ಸಪ್ಪ. ನಾನು ಲಾರಿ ಓಡ್ಸಿದ್ದೂ ಹಂಗs."