ಬೇಸಗೆಯ ಬಿಡುವು ಮತ್ತು ಪಾನವರ್ಜನೆ

ಕುಡಿತವನ್ನು ಬಿಟ್ಟವನಿಗೆ ವರ್ಷದ ಹನ್ನೆರಡು ತಿಂಗಳುಗಳೂ ಒಂದೇ ಸಮನಾಗಿರುವುದಿಲ್ಲ. ಮಾಘಮಾಸದಲ್ಲಿ ಆಸ್ಪತ್ರೆಯಿಂದ ಹೊರಬಂದ ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಆತನದು ಮಂಡ್ಯದ ಕಡೆಯ ಒಂದು ಹಳ್ಳಿ. ಮನೆಗೆ ಬಂದು ಆರೇಳು ವಾರ ಕಳೆಯುವಷ್ಟರಲ್ಲಿ ಯುಗಾದಿ ಬರುತ್ತದೆ. ಅಂದು ಬೇವುಬೆಲ್ಲ, ಹೊನ್ನಾರು, ಪಂಚಾಂಗಶ್ರವಣ. ಇವು ಯಾವುವೂ ಆತನಿಗೆ ಅಪಾಯಕರವಲ್ಲ. ಆದರೆ ಮರುದಿನವೇ ಹೊಸತೊಡಕು. ಬೆಳಗಿನ ಜಾವಕ್ಕೆ ಗುಡ್ಡೆ ಮಾಂಸದ ಪಾಲು ಹಂಚಿಕೆಯಾಗುತ್ತದೆ, ಮಧ್ಯಾಹ್ನಕ್ಕೆ ನೆಂಟರು ಸೇರುತ್ತಾರೆ, ಅರಳಿಕಟ್ಟೆಯ ಮೇಲೆ ಇಸ್ಪೀಟು ಬೀಳುತ್ತದೆ, ಸೀಸೆಗಳು ಹೊರಬರುತ್ತವೆ. ಅದು ಮುಗಿಯಿತೆನ್ನುವಷ್ಟರಲ್ಲಿ ಊರಿನ ಹಬ್ಬ, ಸುತ್ತಲಿನ ಜಾತ್ರೆಗಳು, ವೈಶಾಖದ ಮದುವೆಗಳು. ಮುಂಗಾರು ಬೀಳುವವರೆಗೆ ಹೊಲದಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. ಚಿಕಿತ್ಸೆ ಪಡೆದವನು ಈ ಮೂರು ತಿಂಗಳುಗಳನ್ನು ಹೇಗೆ ದಾಟಬೇಕೆಂಬುದೇ ಈ ಲೇಖನದ ವಿಷಯ.

ವಿಷಯವನ್ನು ಪ್ರವೇಶಿಸುವ ಮುನ್ನ ಪದಗಳ ಬಗ್ಗೆ ಒಂದು ಮಾತು. ನಮ್ಮ ಆಡುನುಡಿಯಲ್ಲಿ ಇಂಥವನಿಗೆ ‘ಕುಡುಕ’ ಎಂಬ ಹೆಸರು ಅಂಟಿಕೊಂಡುಬಿಟ್ಟಿದೆ. ಆತ ಕುಡಿಯುವುದನ್ನು ಬಿಟ್ಟು ಹತ್ತು ವರ್ಷವಾದರೂ ಆ ಹೆಸರು ಬಿಡುವುದಿಲ್ಲ. ಮದ್ಯಾವಲಂಬನೆಯನ್ನು ಲಕ್ಷಣಗಳಿಂದ ಗುರುತಿಸತಕ್ಕ ಒಂದು ರೋಗಸ್ಥಿತಿಯೆಂದು 1976ರಲ್ಲಿ ಎಡ್ವರ್ಡ್ಸ್ ಮತ್ತು ಗ್ರಾಸ್ ಎಂಬ ವೈದ್ಯರು ನಿರೂಪಿಸಿದರು. ಇಂದು ವೈದ್ಯಶಾಸ್ತ್ರವು ಒಪ್ಪಿರುವ ದೃಷ್ಟಿ ಇದೇ. ಜ್ವರ ಬಂದು ಹೋದವನನ್ನು ನಾವು ಜ್ವರದವನೆಂದು ಕರೆಯುವುದಿಲ್ಲ. ಆದುದರಿಂದ ಇಲ್ಲಿ ‘ಚೇತರಿಸಿಕೊಳ್ಳುತ್ತಿರುವವನು’ ಎಂಬ ಮಾತನ್ನೇ ಬಳಸಿದ್ದೇವೆ. ಕುಡಿತಕ್ಕೆ ಮರಳುವುದನ್ನು ರೋಗದ ಭಾಷೆಯಲ್ಲಿಯೇ ‘ಮರುಕಳಿಕೆ’ ಎಂದಿದ್ದೇವೆ.

ಹಬ್ಬ ಜಾತ್ರೆಗಳಿಂದ ದೂರವಿದ್ದರೆ ಸಾಕು, ಮರುಕಳಿಕೆಯಾಗದು ಎಂಬುದು ಸಾಮಾನ್ಯವಾದ ಅಭಿಪ್ರಾಯ. ಮನೆಯವರು ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿಯುತ್ತಾರೆ. ಮಗನನ್ನು ಮದುವೆಗೆ ಕರೆದೊಯ್ಯದೆ ಮನೆಯ ಕಾವಲಿಗೆ ಬಿಟ್ಟುಹೋಗುತ್ತಾರೆ. ಇದು ಎಷ್ಟರಮಟ್ಟಿಗೆ ಸರಿ? ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಮತ್ತು ಆತನ ಸಹೋದ್ಯೋಗಿಗಳು ಮದ್ಯ, ತಂಬಾಕು, ಹೆರಾಯಿನ್ ಮೊದಲಾದವನ್ನು ಬಿಟ್ಟು ಮತ್ತೆ ಅದಕ್ಕೆ ಮರಳಿದವರ ಮೊದಲ ತಪ್ಪುಹೆಜ್ಜೆ ಯಾವ ಸಂದರ್ಭದಲ್ಲಿ ಬಿದ್ದಿತೆಂಬುದನ್ನು ವಿಚಾರಿಸಿ ವರ್ಗೀಕರಿಸಿದರು. ಬೇಸರ, ಖಿನ್ನತೆ, ಕಳವಳ ಮುಂತಾದ ಕಹಿಭಾವಗಳು ಕಾರಣವಾದುದು ನೂರಕ್ಕೆ ಸುಮಾರು 35 ಸಂದರ್ಭಗಳಲ್ಲಿ. ಇತರರೊಡನೆ ಜಗಳ, ಮನಸ್ತಾಪಗಳು ಸುಮಾರು 16ರಲ್ಲಿ. ಜೊತೆಯವರ ಒತ್ತಾಯ ಸುಮಾರು 20ರಲ್ಲಿ. ಜೊತೆಯವರ ಒತ್ತಾಯವು ದೊಡ್ಡ ಕಾರಣವೇ ಹೌದು. ಆದರೆ ಬೇಸರ ಮತ್ತು ಜಗಳಗಳೆರಡೂ ಸೇರಿದರೆ ಅದರ ಎರಡೂವರೆಯಷ್ಟಾಗುತ್ತವೆ. ಮದುವೆಮನೆಗೆ ಹೋಗದೆ, ಬಾಗಿಲು ಹಾಕಿಕೊಂಡು, ಉರಿಬಿಸಿಲಿನ ಮಧ್ಯಾಹ್ನದಲ್ಲಿ ಒಬ್ಬನೇ ಕುಳಿತವನು ಒಂದು ಅಪಾಯದಿಂದ ತಪ್ಪಿಸಿಕೊಂಡು ಅದಕ್ಕಿಂತ ದೊಡ್ಡದರ ಬಾಯಿಗೆ ಬಿದ್ದಂತೆಯೇ ಸರಿ. ತನ್ನನ್ನು ನಂಬಲಿಲ್ಲವೆಂಬ ಅವಮಾನವೂ ಅವನೊಡನೆ ಕುಳಿತಿರುತ್ತದೆ.

ಬೇಸಗೆಯ ನಿಜವಾದ ಗಂಡಾಂತರವು ಸಂಭ್ರಮದಲ್ಲಿರುವುದಕ್ಕಿಂತ ಹೆಚ್ಚಾಗಿ ಸಂಭ್ರಮದ ನಡುನಡುವಿನ ಬರಿದಾದ ಹೊತ್ತಿನಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಕುಡಿಯುತ್ತಿದ್ದವನ ದಿನಚರಿಯಲ್ಲಿ ಮದ್ಯವು ಎಷ್ಟು ಹೊತ್ತನ್ನು ತಿನ್ನುತ್ತಿತ್ತೆಂಬುದನ್ನು ಲೆಕ್ಕ ಹಾಕುವವರು ಕಡಿಮೆ. ಹಣ ಹೊಂದಿಸುವುದು, ಅಂಗಡಿಗೆ ನಡೆಯುವುದು, ಜೊತೆಗಾರರಿಗಾಗಿ ಕಾಯುವುದು, ಕುಡಿಯುವುದು, ಅಮಲು ಇಳಿಯುವವರೆಗೆ ಬಿದ್ದಿರುವುದು, ಎದ್ದು ಪರಿತಪಿಸುವುದು, ಇವೆಲ್ಲ ಸೇರಿ ದಿನದ ಅರ್ಧಭಾಗವಾದೀತು. ಸುಗ್ಗಿಯ ದಿನಗಳಲ್ಲಿ ಆ ಹೊತ್ತನ್ನು ಕೆಲಸ ತುಂಬುತ್ತದೆ. ಚೈತ್ರ ವೈಶಾಖಗಳಲ್ಲಿ ತುಂಬುವುದಕ್ಕೆ ಏನೂ ಇರುವುದಿಲ್ಲ. ನಮ್ಮ ವಾಚಕರಲ್ಲಿ ಅಧ್ಯಾಪಕರು ಹೆಚ್ಚು. ಪರೀಕ್ಷೆಗಳು ಮುಗಿದು ಉತ್ತರಪತ್ರಿಕೆಗಳ ಕಟ್ಟು ಹಿಂದಿರುಗಿದ ಮೇಲಿನ ರಜೆಯೂ ಇದೇ ಜಾತಿಯದೆಂಬುದನ್ನು ಅವರಿಗೆ ವಿವರಿಸಬೇಕಾಗಿಲ್ಲ.

ಇದರ ಮೇಲೆ ಇನ್ನೊಂದು ತೊಡಕು. ಕುಡಿತ ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಯಾವುದೂ ರುಚಿಸುವುದಿಲ್ಲ. ಮಾವಿನಹಣ್ಣು ಸಪ್ಪೆ, ಹಾಡು ಸಪ್ಪೆ, ಮಕ್ಕಳ ಆಟವೂ ಸಪ್ಪೆ. ಇದು ಮನೋದೌರ್ಬಲ್ಯವಲ್ಲ. ಸುಖಾನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ವೀಕರಿಸುವ ಒಂದು ಬಗೆಯ ಗ್ರಾಹಕಗಳು ಬಹುಕಾಲ ಮದ್ಯಸೇವನೆ ಮಾಡಿದವರ ಮಿದುಳಿನಲ್ಲಿ ಕಡಿಮೆಯಾಗಿರುವುದು ಚಿತ್ರಣಪರೀಕ್ಷೆಗಳಿಂದ ಕಂಡುಬಂದಿದೆ. ನಿದ್ರೆಯೂ ಸರಿಯಾಗಲು ತಿಂಗಳುಗಳು ಹಿಡಿಯಬಹುದು. ಸಂತೋಷವು ತಾನಾಗಿ ಬರಲೆಂದು ಕಾಯುತ್ತ ಕುಳಿತರೆ ಅದು ಬರುವುದಕ್ಕೆ ಮೊದಲೇ ಸೀಸೆ ಬರುತ್ತದೆ. ಸಂತೋಷಪಡುವುದನ್ನು ಹೊಸದಾಗಿ ಕಲಿಯಬೇಕು; ಕೈಮುರಿದವನು ಕೈಯಾಡಿಸುವುದನ್ನು ಕಲಿಯುವ ಹಾಗೆ, ಮೊದಮೊದಲು ಹಿತವಾಗದಿದ್ದರೂ ಮಾಡಬೇಕು. ಹೀಗಿರುವಲ್ಲಿ ಬೇಸಗೆಯ ವಿನೋದವು ಚಿಕಿತ್ಸೆ ಮುಗಿದ ಮೇಲಿನ ಬಹುಮಾನವಲ್ಲ, ಚಿಕಿತ್ಸೆಯ ಅಂಗವೇ ಆಗಿದೆ.

ಈ ಮಾತಿಗೆ ಪ್ರಯೋಗದ ಆಧಾರವುಂಟು. 1973ರಲ್ಲಿ ಜಾರ್ಜ್ ಹಂಟ್ ಮತ್ತು ನೇಥನ್ ಅಜ್ರಿನ್ ಎಂಬವರು ಅಮೆರಿಕದ ಇಲಿನಾಯ್ ಸಂಸ್ಥಾನದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಡೆಸಿದ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಎಂಟು ರೋಗಿಗಳಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಉದ್ಯೋಗ ಹುಡುಕಲು ನೆರವು, ದಂಪತಿಗಳಿಗೆ ಸಲಹೆ ಮತ್ತು ಮದ್ಯವಿಲ್ಲದ ಕೂಟದ ಸೌಕರ್ಯ ದೊರೆತವು. ಅವರಿಗೆ ಸರಿಸಾಟಿಯಾದ ಇನ್ನೆಂಟು ಮಂದಿಗೆ ಎಂದಿನ ಚಿಕಿತ್ಸೆ ಮಾತ್ರ. ಕೂಟಕ್ಕೆ ಆಯ್ದುಕೊಂಡ ಸ್ಥಳವು ಹಿಂದೆ ಹೆಂಡದಂಗಡಿಯಾಗಿದ್ದ ಕಟ್ಟಡವೇ ಎಂಬುದು ಗಮನಾರ್ಹ. ಅಲ್ಲಿ ಸಂಗೀತ, ಕುಣಿತ, ಇಸ್ಪೀಟು, ವನಭೋಜನಗಳಿದ್ದವು. ಹೆಂಡತಿಯನ್ನೂ ಅತಿಥಿಗಳನ್ನೂ ಕರೆತರಬಹುದಾಗಿತ್ತು. ಕುಡಿದು ಬಂದವನಿಗೆ ಮಾತ್ರ ಪ್ರವೇಶವಿಲ್ಲ. ಮುಂದಿನ ಆರು ತಿಂಗಳುಗಳಲ್ಲಿ ಮೊದಲ ಗುಂಪಿನವರು ಕುಡಿತದಲ್ಲಿ ಕಳೆದದ್ದು ಶೇಕಡ 14ರಷ್ಟು ಕಾಲ, ಎರಡನೆಯ ಗುಂಪಿನವರು ಶೇಕಡ 79ರಷ್ಟು. ಎಂಟು ಮಂದಿ ಎಂಬುದು ಬಹಳ ಸಣ್ಣ ಸಂಖ್ಯೆಯೆಂದು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಆಕ್ಷೇಪಿಸಬಹುದು, ಆಕ್ಷೇಪ ಸಾಧುವೇ. ಆದರೆ ಅನಂತರ ಈ ವಿಧಾನವನ್ನು ಬೇರೆಡೆಗಳಲ್ಲಿಯೂ ಪರೀಕ್ಷಿಸಿ ಪ್ರಯೋಜನಕರವೆಂದು ಕಂಡುಕೊಂಡಿದ್ದಾರೆ. ಅದನ್ನು ಇಲ್ಲಿಗೆ ತರುವಾಗ ವಿವೇಚನೆ ಬೇಕು. ಹೊಸತೊಡಕಿನ ದಿನ ಇಸ್ಪೀಟಿನೆಲೆಯೂ ಸೀಸೆಯೂ ಅಣ್ಣತಮ್ಮಂದಿರಂತೆ ಜೊತೆಯಾಗಿ ಬರುವ ನಮ್ಮ ಹಳ್ಳಿಗಳಲ್ಲಿ ಇಸ್ಪೀಟನ್ನು ಚಿಕಿತ್ಸೆಯ ಪಟ್ಟಿಗೆ ಸೇರಿಸಲಾಗದು.

ಹಾಗೆ ಜೊತೆಯಾಗಿ ಬಂದವುಗಳಿಗೆ ಇರುವ ಬಲವನ್ನು ಪಾವ್ಲೋವನ ನಾಯಿಗಳ ವೃತ್ತಾಂತ ತಿಳಿದವರು ಬಲ್ಲರು. ಆಹಾರದೊಡನೆ ಹಲವು ಸಲ ಕೇಳಿದ ಸದ್ದು ಕೊನೆಗೆ ತಾನೊಂದೇ ನಾಯಿಯ ಬಾಯಲ್ಲಿ ನೀರೂರಿಸಿತು. ಮಸಾಲೆ ಅರೆಯುವ ವಾಸನೆ, ತಮಟೆಯ ಸದ್ದು, ಸಂಜೆ ಆರು ಗಂಟೆಯ ಬಿಸಿಗಾಳಿ, ಇವು ಚೇತರಿಸಿಕೊಳ್ಳುತ್ತಿರುವವನಲ್ಲಿ ಎಬ್ಬಿಸುವ ಹಂಬಲವೂ ಅಂಥದೇ. ಅದು ಅಲೆಯಂತೆ ಏರಿ, ನಿಂತು, ಇಳಿಯುತ್ತದೆ. ಬಹುಪಾಲು ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಇದನ್ನು ಮುಂಚೆಯೇ ತಿಳಿದವನಿಗೆ ಕಾಯುವ ಧೈರ್ಯವಿರುತ್ತದೆ. ಇಳಿಯುವುದೇ ಇಲ್ಲವೆಂದು ನಂಬಿದವನು ಏರುತ್ತಿರುವಾಗಲೇ ಸೋಲುತ್ತಾನೆ.

ಬೇಸಗೆಯಲ್ಲಿ ಬಾಯಾರಿಕೆಯೂ ಹಂಬಲದ ವೇಷ ಹಾಕಿಕೊಂಡು ಬರುತ್ತದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘವು 1935ರಲ್ಲಿ ಒಹಾಯೋದ ಆಕ್ರನ್ ನಗರದಲ್ಲಿ ಹುಟ್ಟಿತಷ್ಟೆ. ಅದರ ಸದಸ್ಯರಲ್ಲಿ ಹಸಿವು, ಕೋಪ, ಒಂಟಿತನ, ದಣಿವು ಈ ನಾಲ್ಕು ಬಂದಾಗ ಎಚ್ಚರದಿಂದಿರಬೇಕೆಂಬ ಮಾತು ರೂಢಿಯಲ್ಲಿದೆ. ನಮ್ಮ ಹವೆಗೆ ಬಾಯಾರಿಕೆಯನ್ನು ಐದನೆಯದಾಗಿ ಸೇರಿಸಬಹುದು. ತಣ್ಣನೆಯ ಬಿಯರು ದಾಹ ತೀರಿಸುತ್ತದೆಂಬುದು ಬರಿಯ ಭ್ರಮೆ. ಮೂತ್ರಪಿಂಡಗಳು ನೀರನ್ನು ಹಿಡಿದಿಡುವಂತೆ ಮಾಡುವ ವಾಸೊಪ್ರೆಸಿನ್ ಎಂಬ ಸ್ರಾವವನ್ನು ಮದ್ಯಸಾರವು ತಡೆಯುವುದರಿಂದ ಮೈಯ ನೀರು ಹೊರಗೆ ಹೋಗುತ್ತದೆ. ಈ ವಿಷಯದಲ್ಲಿ ನಮ್ಮ ಹಿಂದಿನವರು ಮಾಡಿಟ್ಟಿರುವ ಏರ್ಪಾಡು ಮೆಚ್ಚತಕ್ಕದ್ದು. ಬೆಲ್ಲ, ಏಲಕ್ಕಿ, ಒಣಶುಂಠಿ ಹಾಕಿದ ರಾಮನವಮಿಯ ಪಾನಕ, ಇಂಗು ಕರಿಬೇವಿನ ನೀರುಮಜ್ಜಿಗೆ, ಬೇಲದ ಹಣ್ಣಿನ ಪಾನಕ, ಕರಾವಳಿಯ ಪುನರ್ಪುಳಿಯ ಶರಬತ್ತು, ರಾಗಿಯ ಅಂಬಲಿ, ಇವೆಲ್ಲ ಬೇಸಗೆಗೆಂದೇ ಹುಟ್ಟಿದವು. ಕೈಯಲ್ಲಿ ತುಂಬಿದ ಲೋಟವಿರುವವನಿಗೆ ಇನ್ನೊಂದು ಲೋಟ ಕೊಡಲು ಜನ ಹೋಗುವುದಿಲ್ಲವೆಂಬುದು ಇವುಗಳಿಂದಾಗುವ ಸಣ್ಣದಲ್ಲದ ಇನ್ನೊಂದು ಉಪಕಾರ.

ಪಾನೀಯಗಳಲ್ಲಿ ಎಚ್ಚರ ಬೇಕಾದವೂ ಇವೆ. ನೀರಾ ಎಂಬುದು ಹುಳಿಯದ ರಸವೇನೋ ಹೌದು. ಆದರೆ ತಂಪಿನಲ್ಲಿ ಸರಿಯಾಗಿ ಕಾಪಾಡದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿತು ಕಳ್ಳಾಗುತ್ತದೆ. ದ್ರಾಕ್ಷಾಸವದಂಥ ಆಸವ, ಅರಿಷ್ಟಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರವಿರುತ್ತದೆ. ‘ಮದ್ಯರಹಿತ’ ಎಂದು ಮಾರುವ ಬಿಯರಿನಲ್ಲಿ ಮದ್ಯಸಾರ ಅತ್ಯಲ್ಪವಾದರೂ ಅದರ ವಾಸನೆ, ಬಣ್ಣ, ನೊರೆಗಳು ಹಳೆಯ ನೆನಪನ್ನು ಕೆರಳಿಸುತ್ತವೆ. ಡೈಸಲ್ಫಿರಾಮ್ ಮಾತ್ರೆಯನ್ನು ಸೇವಿಸುತ್ತಿರುವವರು ಇವುಗಳನ್ನು ಮುಟ್ಟಬಾರದು. ಮದ್ಯವನ್ನು ಬಿಡಿಸಲು ಈ ಔಷಧಿ ಉಪಯುಕ್ತವೆಂಬುದನ್ನು 1948ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಪ್ರಕಟಿಸಿದರು. ಇದನ್ನು ಸೇವಿಸಿದವನ ಹೊಟ್ಟೆಗೆ ಮದ್ಯಸಾರ ಹೋದರೆ ಅಸಿಟಾಲ್ಡಿಹೈಡ್ ಎಂಬ ವಸ್ತು ಮೈಯಲ್ಲಿ ಶೇಖರವಾಗಿ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ; ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗುವುದೂ ಉಂಟು. ಮನೆಯವರು ರೋಗಿಗೆ ತಿಳಿಯದಂತೆ ಸಾರಿನಲ್ಲಿ ಈ ಮಾತ್ರೆ ಬೆರೆಸುವುದು ಒಳ್ಳೆಯ ಉದ್ದೇಶದಿಂದ ಮಾಡುವ ಅತ್ಯಂತ ಅಪಾಯಕರವಾದ ಕೆಲಸ.

ಇನ್ನು ಮದುವೆಮನೆಯ ವಿಚಾರ. ಹೋಗುವುದೋ ಬಿಡುವುದೋ ಎಂಬುದಕ್ಕಿಂತ ಹೇಗೆ ಹೋಗುವುದೆಂಬುದು ಮುಖ್ಯ. ಚಿಕಿತ್ಸೆ ಮುಗಿದು ಕೆಲವೇ ದಿನವಾಗಿದ್ದರೆ ಹೊಸತೊಡಕಿನ ಮಧ್ಯಾಹ್ನವನ್ನು ಬೇರೆ ಊರಿನಲ್ಲಿ, ಜೊತೆಯಲ್ಲಿ ಯಾರಾದರೂ ಇದ್ದು ಕಳೆಯುವುದೇ ಲೇಸು. ಇದರಲ್ಲಿ ಹೇಡಿತನವೇನೂ ಇಲ್ಲ. ಅನಂತರದ ದಿನಗಳಲ್ಲಿ ಹೆಂಡತಿಯೊಡನೆಯೋ ಕುಡಿಯದ ಗೆಳೆಯನೊಡನೆಯೋ ಹೋಗಿ, ಧಾರೆ ನೋಡಿ, ಊಟ ಮಾಡಿ, ಕತ್ತಲಾಗುವ ಮುನ್ನ ಹೊರಡತಕ್ಕದ್ದು. ಹಿಂದಿರುಗುವ ಬಸ್ಸು ಯಾವುದೆಂಬುದನ್ನು ಹೋಗುವ ಮೊದಲೇ ಗೊತ್ತುಮಾಡಿಕೊಂಡಿರಬೇಕು. “ಏನ್ ಭಾವ, ಒಂದು ತೊಟ್ಟು ತಗೊಂಡ್ರೆ ಪ್ರಾಣ ಹೋಗುತ್ತಾ?” ಎಂಬ ಪ್ರಶ್ನೆ ಬಂದೇ ಬರುತ್ತದೆ. “ಬಿಟ್ಟಿದ್ದೀನಿ ಭಾವ. ಮಜ್ಜಿಗೆ ಇದ್ರೆ ಕೊಡಿ” ಎಂಬಷ್ಟೇ ಉತ್ತರ ಸಾಕು. ಹೊಟ್ಟೆನೋವು, ವ್ರತ ಮುಂತಾದ ನೆಪ ಹೇಳಿದರೆ ಕೇಳಿದವರು ಆ ನೆಪವನ್ನು ಖಂಡಿಸಲು ತೊಡಗುತ್ತಾರೆ. ನೇರವಾದ ಮಾತಿಗೆ ವಾದವಿಲ್ಲ. ಆಸ್ಪತ್ರೆಗಳಲ್ಲಿ ರೋಗಿಗಳಿಂದ ಇಂಥ ಸಂಭಾಷಣೆಗಳನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸುವುದುಂಟು. ನೋಡುವವರಿಗೆ ನಾಟಕದಂತೆ ಕಂಡರೂ ನಾಲಗೆಗೆ ಅಭ್ಯಾಸವಾದ ಮಾತು ಗದ್ದಲದಲ್ಲಿ ಸುಲಭವಾಗಿ ಬರುತ್ತದೆ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಷಿದ್ಧವಾಯಿತು. ಕುಡಿಯುವವರು ಬೇರೆ ಮದ್ಯಗಳಿಗೆ ಹೊರಳಿದರೆಂಬುದು ಎಲ್ಲರಿಗೂ ತಿಳಿದದ್ದೇ. ಅಂಗಡಿ ಮುಚ್ಚಿದರೆ ಸಾಲದು, ಆ ಹೊತ್ತಿನಲ್ಲಿ ಹೋಗಲು ಬೇರೊಂದು ಜಾಗ ಬೇಕು. ಅಂಥ ಜಾಗಗಳು ನಮ್ಮಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ಶ್ರೀರಾಮಸೇವಾ ಮಂಡಳಿಯು 1939ರಲ್ಲಿ ಆರಂಭಿಸಿದ ರಾಮನವಮಿಯ ಸಂಗೀತೋತ್ಸವವು ಸರಿಯಾಗಿ ಬೇಸಗೆಯ ಸಂಜೆಗಳಲ್ಲಿಯೇ ನಡೆಯುತ್ತದೆ. ಕರಾವಳಿಯಲ್ಲಿ ಮೇಳಗಳು ಪತ್ತನಾಜೆಯವರೆಗೆ ತಿರುಗಾಟದಲ್ಲಿರುತ್ತವೆ. ಹಳ್ಳಿಯಲ್ಲಿ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುವುದು, ಹೊಂಗೆಯ ನೆರಳಿನಲ್ಲಿ ಹಗ್ಗ ಹೊಸೆಯುವುದು, ಭಜನೆಯ ಕೂಟ, ಕೆರೆಯ ಹೂಳೆತ್ತುವುದು, ಇಂಥವು ಯಾವುವಾದರೂ ಆಗಬಹುದು. ಆದರೆ ಹೊತ್ತು ಗೊತ್ತಿರಬೇಕು, ಜೊತೆಯಲ್ಲಿ ಜನರಿರಬೇಕು, ಅವನು ಬಾರದಿದ್ದರೆ ‘ಏಕೆ ಬರಲಿಲ್ಲ’ವೆಂದು ಕೇಳುವವರಿರಬೇಕು. ಮೂರನೆಯದೇ ಎಲ್ಲಕ್ಕಿಂತ ಮುಖ್ಯವೆಂದು ನಮಗೆ ತೋರುತ್ತದೆ.

ಇಷ್ಟಾದರೂ ಒಂದು ದಿನ ಕಾಲು ಜಾರಬಹುದು. ಒಂದು ಲೋಟ ಕುಡಿದವನು ‘ಹೇಗೂ ವ್ರತ ಮುರಿಯಿತು’ ಎಂದು ಸೀಸೆಯನ್ನೇ ಬರಿದುಮಾಡುವುದನ್ನು ಮಾರ್ಲಟ್ ವಿಶೇಷವಾಗಿ ಗುರುತಿಸಿದ್ದಾನೆ. ಆ ಮೊದಲ ಲೋಟಕ್ಕಿಂತ ಅನಂತರದ ಹತಾಶೆಯೇ ಹೆಚ್ಚು ಕೇಡು ಮಾಡುತ್ತದೆ. ತಿಂಗಳುಗಟ್ಟಲೆ ಬಿಟ್ಟವನ ಮೈಗೆ ಹಿಂದಿನ ತಾಳಿಕೆಯೂ ಇರುವುದಿಲ್ಲ. ಹಳೆಯ ಅಳತೆಯಲ್ಲಿ ಕುಡಿದರೆ ಅಪಾಯ. ಮತ್ತೆ ಹಲವು ದಿನ ಎಡೆಬಿಡದೆ ಕುಡಿದವನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸುವುದೂ ಸರಿಯಲ್ಲ. ಫಿಟ್ಸ್ ಮತ್ತು ಸನ್ನಿ ಬರುವ ಸಂಭವವಿದೆ. ಮನೆಯವರು ಆ ರಾತ್ರಿ ಬೈಯದೆ, ಬೆಳಗಾದೊಡನೆ ಚಿಕಿತ್ಸೆ ಕೊಟ್ಟ ಕಡೆಗೇ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹೊಸತೊಡಕಿನ ಮರುದಿನದ ಬೆಳಗ್ಗೆ ಇಂಥ ಒಂದು ಕರೆಯನ್ನು ಮಾಡುವವರು ಹೆಂಡತಿಯೋ ತಾಯಿಯೋ ಆಗಿರಬಹುದು. ಕಾಲೇಜು ರಜೆಗೆಂದು ಊರಿಗೆ ಬಂದಿರುವ ಮಗನೋ ಮಗಳೋ ಆಗಿದ್ದರೂ ಆಶ್ಚರ್ಯವಿಲ್ಲ.