ಊರಮನೆಯ ಕೇಪಿನ ಕೋವಿ: ತಿಳಿದು ಮುಟ್ಟಬೇಕಾದ ವಸ್ತು

ದೀಪಾವಳಿ ಸಮೀಪಿಸಿತೆಂದರೆ ದಾದರಿನ ಅಂಗಡಿಬೀದಿಗಳಲ್ಲಿ ಮಕ್ಕಳ ಕೇಪು ಪಿಸ್ತೂಲುಗಳು ತೂಗಾಡತೊಡಗುತ್ತವೆ. ಕೆಂಪು ಕಾಗದದ ಸುರುಳಿಯನ್ನು ಒಳಗಿಟ್ಟು ಬೆರಳಿನಿಂದ ಎಳೆದರೆ ಒಂದು ಸದ್ದು, ಒಂದಿಷ್ಟು ಹೊಗೆ, ಮಗುವಿನ ಮುಖದಲ್ಲಿ ನಗೆ. ಅದೇ ಮಗು ಮೇ ತಿಂಗಳ ರಜೆಯಲ್ಲಿ ತಂದೆತಾಯಿಗಳೊಡನೆ ದಾದರಿನಿಂದ ಶರಾವತಿ ಎಕ್ಸ್‌ಪ್ರೆಸ್ ಏರಿ, ಮೈಸೂರಿನಲ್ಲಿಳಿದು ಕೊಡಗಿಗೋ, ಅಥವಾ ಕೊಂಕಣ ರೈಲಿನಲ್ಲಿ ಉಡುಪಿ, ಕುಂದಾಪುರಗಳ ಕಡೆಗೋ ಹೋಗುತ್ತದೆ. ಅಲ್ಲಿ ಅಜ್ಜನ ಮನೆಯ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಗಳ ಹಿಂದೆ, ಗೋಡೆಗೊರಗಿಸಿಟ್ಟ ಒಂದು ಉದ್ದನೆಯ ಕೋವಿ ಅದರ ಕಣ್ಣಿಗೆ ಬೀಳುತ್ತದೆ. ಮಗುವಿನ ಪಾಲಿಗೆ ಅದೂ ಒಂದು ದೊಡ್ಡ ಕೇಪು ಪಿಸ್ತೂಲೇ. ಹಿರಿಯರಾದರೋ, "ಅದು ಎಂದೋ ಕೆಟ್ಟುಹೋದದ್ದು, ಒಳಗೆ ಏನೂ ಇಲ್ಲ" ಎಂದು ಸುಮ್ಮನಾಗುತ್ತಾರೆ.

"ಒಳಗೆ ಏನೂ ಇಲ್ಲ" ಎಂಬ ಈ ನಂಬಿಕೆಯೇ ಅಪಾಯದ ಮೂಲ. ಕೇಪಿನ ಕೋವಿಯ ಒಳಗೆ ಏನಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಪರೀಕ್ಷಿಸದ ಹೊರತು ಅದು ಬರಿದಾಗಿದೆಯೆಂದು ಯಾರೂ ಹೇಳಲಾರರು.

ಕೇಪು ಬಂದ ಬಗೆ

ಹಿಂದಿನ ಕಾಲದ ಕೋವಿಗಳಲ್ಲಿ ಮದ್ದಿಗೆ ಕಿಡಿ ತಗುಲಿಸಲು ಉರಿಯುವ ಬತ್ತಿಯನ್ನೋ ಚಕಮಕಿ ಕಲ್ಲನ್ನೋ ಬಳಸುತ್ತಿದ್ದರು. ಮಳೆ ಬಂದರೆ, ಗಾಳಿ ಬೀಸಿದರೆ ಕೋವಿ ಕೈಕೊಡುತ್ತಿತ್ತು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಜಾನ್ ಫೋರ್ಸಿತ್ ಎಂಬುವರು, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಈ ಕೆಲಸಕ್ಕೆ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮುಂದೆ ಆ ರಾಸಾಯನಿಕವನ್ನು ತಾಮ್ರದ ಪುಟ್ಟ ಟೋಪಿಯಲ್ಲಿ ಅಡಗಿಸುವ ಕ್ರಮ ಬಂದಿತು. ಅದೇ ಕೇಪು.

ಭಾರತದ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. 1857ರ ದಂಗೆಗೆ ಕಿಡಿಯಾದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಬಾಯಿಯಿಂದ ಮದ್ದು ತುಂಬುವ ಕೇಪಿನ ರೈಫಲೇ ಆಗಿತ್ತು. ಕೊಬ್ಬು ಸವರಿದ ಕಾಗದದ ತೋಟೆಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಜಡಿದು, ಕಡೆಯಲ್ಲಿ ಕೇಪು ಇಡಬೇಕಾಗಿತ್ತು. ಅದೇ ವರ್ಷ ನಿಶ್ಶಸ್ತ್ರೀಕರಣದ ಕಾಯಿದೆ ಬಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನೊಪ್ಪಿಸಲು ನಿರಾಕರಿಸಿ ಪ್ರಾಣ ತೆತ್ತರು. ಕೊಡಗಿನವರಿಗೆ ಮಾತ್ರ 1861ರಲ್ಲಿ ವಿನಾಯಿತಿ ದೊರೆಯಿತು. ಕೊಡವರ ಮನೆಗಳಲ್ಲಿ ಕೋವಿ ಕೇವಲ ಆಯುಧವಲ್ಲ. ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬದಂದು ಅದಕ್ಕೆ ಹೂವಿಟ್ಟು ಪೂಜಿಸುತ್ತಾರೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹಾರಿಸುತ್ತಾರೆ. ಮಲೆನಾಡಿನ ಮತ್ತು ಕರಾವಳಿಯ ರೈತನಿಗೆ ಅದು ಹಂದಿ, ಮಂಗಗಳಿಂದ ಬೆಳೆಯನ್ನು ಉಳಿಸಿಕೊಳ್ಳುವ ಸಾಧನ. ಹೀಗಾಗಿ ದಾದರಿನ ಅನೇಕ ಕನ್ನಡ ಕುಟುಂಬಗಳಿಗೆ ಊರಮನೆಯ ಕೋವಿ ಅಪರಿಚಿತವೇನಲ್ಲ. ಅದನ್ನು ಹಿಡಿಯುವ ಅಭ್ಯಾಸ ಮಾತ್ರ ಒಂದೆರಡು ತಲೆಮಾರುಗಳಲ್ಲಿ ತಪ್ಪಿಹೋಗಿದೆ.

ಕೋವಿಯ ರಚನೆ

ಕೇಪಿನ ಕೋವಿಯ ನಳಿಗೆ ಹಿಂಬದಿಯಲ್ಲಿ ಮುಚ್ಚಿರುತ್ತದೆ. ಮದ್ದು, ಗುಂಡು ಎಲ್ಲವೂ ಬಾಯಿಯಿಂದಲೇ ಒಳಹೋಗಬೇಕು. ಅವನ್ನು ಜಡಿಯುವ ಉದ್ದನೆಯ ಕೋಲಿಗೆ ಗಜವೆನ್ನುತ್ತಾರೆ. ನಳಿಗೆಯ ಬುಡದಲ್ಲಿ ಉಕ್ಕಿನ ಒಂದು ಸಣ್ಣ ತೊಟ್ಟು ಇರುತ್ತದೆ. ಅದರ ನಡುವೆ ಸೂಜಿ ಹೋಗುವಷ್ಟು ರಂಧ್ರ. ಕೇಪು ಕೂರುವುದು ಈ ತೊಟ್ಟಿನ ಮೇಲೆ. ಟ್ರಿಗರ್ ಎಳೆದಾಗ ಮೇಲೆತ್ತಿದ್ದ ಕುದುರೆ, ಅಂದರೆ ಸುತ್ತಿಗೆಯಂತಹ ಭಾಗ, ಕೇಪಿನ ಮೇಲೆ ಬಡಿಯುತ್ತದೆ. ಕೇಪು ಸಿಡಿದು, ಅದರ ಉರಿ ರಂಧ್ರದ ಮೂಲಕ ಮದ್ದಿಗೆ ತಲುಪಿ, ಗುಂಡು ಹೊರಡುತ್ತದೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿದ್ದರೆ ಅದು ರೈಫಲ್; ನುಣುಪಾಗಿದ್ದರೆ ಸಾಧಾರಣ ಕೋವಿ. ಊರಿನ ಕೋವಿಗಳು ಹೆಚ್ಚಾಗಿ ಎರಡನೆಯ ಬಗೆಯವು. ಎಚ್ಚರಿಕೆಯ ಕ್ರಮ ಎರಡಕ್ಕೂ ಒಂದೇ.

ಬ್ಯಾಂಕಿನ ಲಾಕರ್ ತೆರೆಯಲು ಎರಡು ಬೀಗದ ಕೈಗಳು ಬೇಕೆಂಬುದು ಎಲ್ಲರಿಗೂ ತಿಳಿದಿದೆ. ಒಂದು ಬ್ಯಾಂಕಿನ ಬಳಿ, ಇನ್ನೊಂದು ಗ್ರಾಹಕನ ಬಳಿ. ಕೇಪಿನ ಕೋವಿಗೂ ಹಾಗೆಯೇ ಎರಡು ಕೈಗಳು: ಒಳಗಿನ ಈಡು ಒಂದು, ಹೊರಗಿನ ಕೇಪು ಇನ್ನೊಂದು. ಇವೆರಡೂ ಒಂದೆಡೆ ಸೇರುವ ಹೊತ್ತನ್ನು ಆದಷ್ಟು ಕಡಿಮೆ ಮಾಡುವುದೇ ಸುರಕ್ಷತೆಯ ಸಾರ. ಆದ್ದರಿಂದಲೇ ಕೇಪನ್ನು ಎಲ್ಲಕ್ಕಿಂತ ಕಡೆಯಲ್ಲಿ ಇಡಬೇಕು, ಎಲ್ಲಕ್ಕಿಂತ ಮೊದಲು ತೆಗೆಯಬೇಕು.

ಒಳಗೆ ಈಡು ಇದೆಯೇ?

ತೋಟೆ ಕೋವಿಯನ್ನು ಮಡಿಸಿ ತೆರೆದು ನೋಡಬಹುದು. ಕೇಪಿನ ಕೋವಿಯನ್ನು ಹಾಗೆ ತೆರೆಯಲಾಗದು. ಬೆಳೆ ಕಾಯಲೆಂದು ಅಜ್ಜ ಒಂದು ರಾತ್ರಿ ತುಂಬಿಟ್ಟ ಈಡು ಹಾರದೆ ಹಾಗೆಯೇ ಉಳಿದಿರಬಹುದು. ಕರಿಮದ್ದು ಒಣಗಿದ್ದರೆ ಎಷ್ಟೋ ವರ್ಷಗಳ ತರುವಾಯವೂ ಉರಿಯಬಲ್ಲದು. ಒಮ್ಮೆ ತೇವವಾಗಿ ಮತ್ತೆ ಒಣಗಿದ ಮದ್ದನ್ನೂ ಸತ್ತುಹೋಯಿತೆಂದು ತಿಳಿಯಲಾಗದು.

ಮೊದಲು ನೋಡಬೇಕಾದುದು ತೊಟ್ಟನ್ನು. ಅದರ ಮೇಲೆ ಕೇಪು ಇದ್ದು, ಕುದುರೆ ಅದರ ಮೇಲೆ ಒರಗಿದ್ದರೆ, ಕೋವಿ ಕೆಳಗೆ ಬಿದ್ದರೂ ಸಾಕು, ಕುದುರೆಗೆ ಪೆಟ್ಟು ತಗುಲಿ ಈಡು ಹಾರಬಹುದು. ತುಕ್ಕು ಹಿಡಿದು ಅಂಟಿಕೊಂಡ ಕೇಪನ್ನು ಚಾಕುವಿನಿಂದ ಕೀಳಲು, ಸುತ್ತಿಗೆಯಿಂದ ತಟ್ಟಲು ಎಂದೂ ಹೋಗಬಾರದು. ಅಂತಹ ಕೋವಿಯನ್ನು ಮುಟ್ಟದೆ, ಮಕ್ಕಳನ್ನು ದೂರವಿರಿಸಿ, ಪೊಲೀಸ್ ಠಾಣೆಗೆ ತಿಳಿಸುವುದೇ ಲೇಸು.

ಕೇಪು ಇಲ್ಲವೆಂದು ಖಚಿತವಾದರೆ ಗಜದ ಪರೀಕ್ಷೆ ಮಾಡಬಹುದು. ಕೋವಿಯ ಬಾಯಿ ಜನರಿಲ್ಲದ ಕಡೆಗಿರಲಿ. ತಲೆ, ಅಂಗೈ ಅದರ ಎದುರಿಗೆ ಬಾರದಿರಲಿ. ಗಜವನ್ನು ಬೆರಳುಗಳಿಂದ ಹಿಡಿದು ಮೆಲ್ಲಗೆ ಒಳಗೆ ಇಳಿಸಿ, ಅದು ನಿಂತಾಗ ಬಾಯಿಯ ಮಟ್ಟಕ್ಕೆ ಗುರುತು ಮಾಡಬೇಕು. ಬಳಿಕ ಗಜವನ್ನು ಹೊರತೆಗೆದು, ಆ ಗುರುತು ಬಾಯಿಗೆ ಸರಿಯಾಗುವಂತೆ ನಳಿಗೆಯ ಹೊರಮೈಗೆ ತಾಗಿಸಿ ಹಿಡಿಯಬೇಕು. ಗಜದ ತುದಿ ತೊಟ್ಟಿನ ನೇರಕ್ಕೆ ಬಂದರೆ ನಳಿಗೆ ಬರಿದಾಗಿದೆ. ಒಂದೆರಡು ಅಂಗುಲ ಹಿಂದೆಯೇ ನಿಂತರೆ ಒಳಗೆ ಏನೋ ಇದೆ; ಅದು ಈಡೆಂದೇ ತಿಳಿಯಬೇಕು. ಆಗ "ಒಮ್ಮೆ ಹಾರಿಸಿ ಬರಿದು ಮಾಡಿಬಿಡೋಣ" ಎಂಬ ಯೋಚನೆ ಸಲ್ಲದು. ತುಕ್ಕು ತಿಂದ ನಳಿಗೆ ಸೀಳಿ, ಹಾರಿಸಿದವನ ಕೈಯನ್ನೇ ಒಯ್ಯಬಹುದು. ಲೈಸೆನ್ಸ್ ಹೊಂದಿದ ಕೋವಿ ರಿಪೇರಿಯವರೇ ಆ ಈಡನ್ನು ತೆಗೆಯಬೇಕು.

ಈಡು ತುಂಬುವ ಕ್ರಮ

ಕಾನೂನಿನಂತೆ ಕೋವಿ ಹೊಂದಿರುವವರೂ, ಹಬ್ಬದಲ್ಲಿ ಈಡು ಹಾರಿಸುವ ಮನೆಯವರೂ ಅನುಭವಿಗಳ ಸಮ್ಮುಖದಲ್ಲಿ ಕೆಳಗಿನ ಕ್ರಮವನ್ನು ಪಾಲಿಸಬೇಕು.

1. ನಳಿಗೆಯೊಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಬೇಕು. ನಳಿಗೆ ಬರಿದಾಗಿದೆಯೆಂದು ಗಜದಿಂದ ಖಚಿತಪಡಿಸಿಕೊಂಡ ಮೇಲೆ, ಬಾಯಿಯನ್ನು ನೆಲದ ಮೇಲಿನ ಎಲೆಯೊಂದರ ಕಡೆಗೆ ಹಿಡಿದು ಬರಿಯ ಕೇಪನ್ನು ಸಿಡಿಸಬೇಕು. ಎಲೆ ಅಲುಗಿದರೆ ತೊಟ್ಟಿನ ರಂಧ್ರ ತೆರೆದಿದೆಯೆಂದು ಅರ್ಥ. ಸಿಡಿದ ಆ ಕೇಪನ್ನು ತೆಗೆದುಬಿಡಬೇಕು.

2. ಈ ಕೋವಿಗಳಿಗೆ ಕರಿಮದ್ದು ಮಾತ್ರ ಸಲ್ಲುತ್ತದೆ. 1884ರ ತರುವಾಯ ಬಳಕೆಗೆ ಬಂದ ಹೊಗೆಯಿಲ್ಲದ ಮದ್ದು ಬಹಳ ಹೆಚ್ಚಿನ ಒತ್ತಡವನ್ನು ಹುಟ್ಟಿಸುತ್ತದೆ. ತೋಟೆ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಸುರಿದರೆ ನಳಿಗೆ ಸಿಡಿಯಬಹುದು.

3. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಈಡಿನ ಕೆಂಡ ಒಳಗೆ ಉಳಿದಿದ್ದರೆ ಇಡೀ ಡಬ್ಬಿ ಕೈಯಲ್ಲಿಯೇ ಹೊತ್ತಿಕೊಳ್ಳುತ್ತದೆ. ಒಂದು ಈಡಿಗೆ ಬೇಕಾದಷ್ಟನ್ನು ಪ್ರತ್ಯೇಕ ಅಳತೆಗೆ ತೆಗೆದುಕೊಂಡು, ಡಬ್ಬಿಯನ್ನು ಮುಚ್ಚಿ ದೂರವಿರಿಸಿ, ಅನಂತರ ಸುರಿಯಬೇಕು. ಎರಡು ಈಡುಗಳ ನಡುವೆ ನಳಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬೀಡಿ, ಸಿಗರೇಟು ಹತ್ತಿರವೂ ಸುಳಿಯಬಾರದು.

4. ಗುಂಡು ಮದ್ದಿಗೆ ತಾಗಿ ಕೂರುವವರೆಗೆ ಜಡಿಯಬೇಕು. ನಡುವೆ ತೆರಪು ಉಳಿದರೆ ನಳಿಗೆ ಉಬ್ಬಬಹುದು, ಒಡೆಯಬಹುದು. ಸರಿಯಾಗಿ ತುಂಬಿದಾಗ ಗಜ ಎಲ್ಲಿಗೆ ನಿಲ್ಲುತ್ತದೆಂಬ ಗುರುತು ಗಜದ ಮೇಲಿದ್ದರೆ, ಎರಡು ಈಡು ಒಂದರ ಮೇಲೊಂದು ಬೀಳುವ ಪ್ರಮಾದವೂ ತಪ್ಪುತ್ತದೆ. ಜಡಿದ ಗಜವನ್ನು ನಳಿಗೆಯಿಂದ ಹೊರತೆಗೆಯಲು ಮರೆಯಬಾರದು.

5. ಇಷ್ಟೆಲ್ಲ ಆದ ಮೇಲೆ, ಈಡು ಹಾರಿಸುವ ಜಾಗದಲ್ಲಿ ನಿಂತು, ಎದುರಿಗೆ ಯಾರೂ ಇಲ್ಲವೆಂದು ನೋಡಿ, ಕುದುರೆಯನ್ನು ಅರ್ಧ ಎತ್ತಿ ನಿಲ್ಲಿಸಿ, ಕೇಪನ್ನು ತೊಟ್ಟಿಗೆ ತೊಡಿಸಬೇಕು. ಬೆರಳು ಟ್ರಿಗರಿನಿಂದ ಹೊರಗಿರಲಿ. ಕೇಪು ತೊಟ್ಟಿಗೆ ಬಿಗಿಯಾಗಿ ಹೊಂದಬೇಕು. ಸಡಿಲವಾದುದು ಉದುರುತ್ತದೆ, ಪೂರ್ತಿ ಕೂರದಿದ್ದುದು ಮೊದಲ ಪೆಟ್ಟಿಗೆ ಸಿಡಿಯುವುದಿಲ್ಲ. ಹಳೆಯ ಕೋವಿಯಲ್ಲಿ ಅರ್ಧ ಎತ್ತಿದ ಕುದುರೆಯ ಹಲ್ಲು ಸವೆದಿರುತ್ತದೆ. ಅದನ್ನು ನಂಬಿ ಕೇಪು ಏರಿಸಿದ ಕೋವಿಯನ್ನು ಹೊತ್ತು ತಿರುಗಬಾರದು.

ಈಡು ಹಾರದಿದ್ದಾಗ

ಕುದುರೆ ಬಿದ್ದು ಕೇಪು ಸಿಡಿದರೂ ಈಡು ಹಾರದಿದ್ದರೆ, ತಕ್ಷಣ ಕೋವಿಯನ್ನು ತಿರುಗಿಸಿ ನೋಡುವುದು ಮನುಷ್ಯನ ಸಹಜ ಪ್ರವೃತ್ತಿ. ಅದುವೇ ಅತ್ಯಂತ ಅಪಾಯದ ಗಳಿಗೆ. ತೇವದ ಮದ್ದು ಕೆಲವು ಕ್ಷಣ ಒಳಗೊಳಗೇ ಕುದಿದು ಆಮೇಲೆ ಹೊತ್ತಿಕೊಳ್ಳಬಹುದು. ಕನಿಷ್ಠ ಒಂದು ನಿಮಿಷವಾದರೂ ಕೋವಿಯನ್ನು ಗುರಿಯ ಕಡೆಗೇ ಹಿಡಿದಿರಬೇಕು. ಅನಂತರ ಹಳೆಯ ಕೇಪನ್ನು ತೆಗೆದು, ತೊಟ್ಟಿನ ರಂಧ್ರವನ್ನು ಸಣ್ಣ ತಂತಿಯಿಂದ ಬಿಡಿಸಿ, ಹೊಸ ಕೇಪು ಇಡಬಹುದು. ಮತ್ತೆ ಮದ್ದನ್ನಾಗಲಿ ಗುಂಡನ್ನಾಗಲಿ ತುಂಬಕೂಡದು.

ಕಣ್ಣು, ಕಿವಿ, ಕೈ

ಕೇಪು ಸಿಡಿದಾಗ ತಾಮ್ರದ ಚೂರುಗಳು ಪಕ್ಕಕ್ಕೆ ಹಾರುತ್ತವೆ. ಹಾರಿಸುವವರೂ ಸಮೀಪದಲ್ಲಿರುವವರೂ ಕನ್ನಡಕ ಧರಿಸಬೇಕು. ಕಣ್ಣಿಗೆ ಚೂರು ಹೊಕ್ಕರೆ ಉಜ್ಜಬಾರದು, ಒತ್ತಬಾರದು, ಕೀಳಲು ಯತ್ನಿಸಬಾರದು. ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಕೂಡಲೇ ನೇತ್ರ ವೈದ್ಯರಲ್ಲಿಗೆ ಹೋಗಬೇಕು. ಕಣ್ಣಿನೊಳಗೆ ಉಳಿದ ತಾಮ್ರ ಕಾಲಕ್ರಮದಲ್ಲಿ ದೃಷ್ಟಿಯನ್ನೇ ಕಸಿಯಬಲ್ಲದು.

ಕೋವಿಯ ಸದ್ದು 140 ಡೆಸಿಬೆಲ್‌ಗೂ ಮೀರಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಬೆಳೆಯುವುದಿಲ್ಲ. ಹಬ್ಬದ ಒಂದೇ ಈಡು ಕೂಡ ಪಕ್ಕದಲ್ಲಿ ನಿಂತ ಮಗುವಿನ ಕಿವಿಗೆ ಕೇಡು ಮಾಡಬಹುದು. ಕಿವಿಗೆ ರಕ್ಷಣೆ ಬೇಕು. ಮಕ್ಕಳನ್ನು ದೂರದಲ್ಲಿ ನಿಲ್ಲಿಸಬೇಕು.

ಮದ್ದಿನಿಂದ ಸುಟ್ಟರೆ ಆ ಭಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಬೇಕು. ಶಾಯಿ, ತುಪ್ಪ, ಟೂತ್‌ಪೇಸ್ಟ್ ಸವರುವುದು ತಪ್ಪು. ರಕ್ತ ಸೋರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿದು, ಕರ್ನಾಟಕದಲ್ಲಾದರೆ 108ಕ್ಕೆ ಕರೆ ಮಾಡಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಗುಂಡು, ಚರೆಗಳು ಸೀಸದವಾದುದರಿಂದ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂರಬಾರದು.

ಇಡುವ ಬಗೆ ಮತ್ತು ಕಾನೂನು

ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಕೋವಿ ಒಂದೆಡೆ, ಮದ್ದು ಒಂದೆಡೆ, ಕೇಪು ಮತ್ತೊಂದೆಡೆ ಬೀಗದೊಳಗಿರಬೇಕು. ಅಡಿಗೆಮನೆಯ ಮೇಲಿನ ಅಟ್ಟ ಇದಕ್ಕೆ ತಕ್ಕ ಸ್ಥಳವಲ್ಲ. ಮದ್ದನ್ನಾಗಲಿ ಕೇಪನ್ನಾಗಲಿ ಮುಂಬಯಿಯಿಂದ ರೈಲಿನಲ್ಲಿ ಒಯ್ಯುವುದು 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ.

1959ರ ಆಯುಧ ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ನೀಡುವ ಮಾತನ್ನು ಹೇಳುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್‌ವರೆಗೆ, ಮುಂದುವರಿಸಿತು. ಆದರೆ ಲೈಸೆನ್ಸ್ ವ್ಯಕ್ತಿಗೆ ಸೇರಿದುದೇ ಹೊರತು ಮನೆಗಲ್ಲ. ತಂದೆ ತೀರಿಕೊಂಡ ಮೇಲೆ ಠೇವಣಿ, ಪಾಸ್‌ಬುಕ್ಕುಗಳನ್ನು ತಪ್ಪದೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಮಕ್ಕಳು, ಗೋಡೆಗೊರಗಿದ ಕೋವಿಯನ್ನು ಮರೆತುಬಿಡುತ್ತಾರೆ. ಅದೇ ಕಾಯಿದೆಯ 21ನೆಯ ಕಲಮಿನಂತೆ, ಹಾಗೆ ಹಕ್ಕಿಲ್ಲದೆ ಉಳಿದ ಆಯುಧವನ್ನು ತಡಮಾಡದೆ ಸಮೀಪದ ಪೊಲೀಸ್ ಠಾಣೆಯಲ್ಲಿಯೋ ಲೈಸೆನ್ಸ್ ಪಡೆದ ವ್ಯಾಪಾರಿಯಲ್ಲಿಯೋ ಒಪ್ಪಿಸಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಬಹುದು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದಿದೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಬೇಟೆಗೆ ಅನುಮತಿ ದೊರೆತಂತಲ್ಲ ಎಂಬುದನ್ನೂ ಮರೆಯಬಾರದು.

ಹಿರಿಯರು ಕೋವಿಯನ್ನು ಪೂಜಿಸಿದ್ದು ಅದರ ಶಕ್ತಿಯನ್ನು ಅರಿತು. ಆ ಅರಿವು ಇಲ್ಲದೆ ಕೋವಿ ಮಾತ್ರ ಉಳಿದಿರುವ ಮನೆಯಲ್ಲಿ ಮಕ್ಕಳು ಆಡುವಂತಾಗಬಾರದು. ಈ ಬಾರಿ ಊರಿಗೆ ಹೋದವರು ಮಕ್ಕಳಿಗೆ ಅಜ್ಜನ ತೋಟವನ್ನೂ ಕೆರೆಯನ್ನೂ ತೋರಿಸುವ ಮೊದಲು, ತಾವೊಬ್ಬರೇ ಅಟ್ಟವನ್ನು ಹತ್ತಿ ನೋಡಿ ಬರುವುದು ಒಳ್ಳೆಯದು.